ಹೋಗುವಾಗ ಯಾರೂ ಕೇಳದ ಕಾರ್ಡು

ಅನ್ಸೆಲ್ಮೊ ದುಮ್ಲಾವೊ ಕೂತಲ್ಲಿ ಕೂರುವ ಮನುಷ್ಯನಲ್ಲ. ವಿನ್ನಿಪೆಗ್ ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಲಸ ಮುಗಿಸಿ ಮನೆಗೆ ಬಂದರೆ ಸೋರದ ನಲ್ಲಿಯನ್ನೂ ಬಿಚ್ಚಿ ರಿಪೇರಿ ಮಾಡುತ್ತಾನೆ. ಊಟಕ್ಕೆ ಕೂತಾಗಲೂ ಮೇಜಿನ ಕೆಳಗೆ ಅವನ ಒಂದು ಕಾಲು ಅಲ್ಲಾಡುತ್ತಲೇ ಇರುತ್ತದೆ. ಇಂಥವನು ಒಂದು ಕೆಲಸವನ್ನು ಮಾತ್ರ ನಾಳೆ, ನಾಡಿದ್ದು ಅನ್ನುತ್ತಾ ತಳ್ಳಿಕೊಂಡೇ ಬಂದಿದ್ದ. ಅವನ ಕಾಯಂ ನಿವಾಸಿ ಕಾರ್ಡಿನ ಅವಧಿ ಮುಗಿದಿತ್ತು. ಹೊಸದಕ್ಕೆ ಅವನು ಅರ್ಜಿ ಹಾಕಿರಲಿಲ್ಲ.

ನಮ್ಮ ಕೇರಿಗೆ ಇದೇನು ಹೊಸ ಕಾಯಿಲೆಯಲ್ಲ. ಫಿಲಿಪೀನ್ಸಿನಿಂದ ಬಂದು ಕೆನಡಾದಲ್ಲಿ ಬೇರು ಬಿಟ್ಟವರು ಮನೆಗೆ ಇಬ್ಬರಾದರೂ ಇದ್ದೇವೆ. ಬಂದ ಹೊಸದರಲ್ಲಿ ಆ ಕಾರ್ಡನ್ನು ದೇವರ ಪಟದ ಹಿಂದೆ ಇಟ್ಟು ಕಾಯುತ್ತೇವೆ. ಕೆಲಸ ಸಿಕ್ಕಿ, ಕಾರು ಬಂದು, ಚಳಿ ಅಭ್ಯಾಸವಾದ ಮೇಲೆ ಅದು ಪರ್ಸಿನ ಮೂಲೆಗೆ ಸೇರುತ್ತದೆ. ಇಲ್ಲೇ ಇದ್ದಷ್ಟು ದಿನ ಅದನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ನಾವೂ ನೋಡುವುದಿಲ್ಲ.

ಅನ್ಸೆಲ್ಮೊನ ಹೆಂಡತಿ ಫೆಲಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಿದ್ದಳು. ಗಂಡನ ಮೂತ್ರಪಿಂಡ ಅವಳಿಗೆ ಹೊಂದುತ್ತದೆ ಎಂದು ಆ ಚಳಿಗಾಲದಲ್ಲಿ ಗೊತ್ತಾಯಿತು. ಜೂನ್ ತಿಂಗಳಲ್ಲಿ ಆಪರೇಷನ್ ಎಂದು ದಿನವೂ ನಿಗದಿಯಾಯಿತು. ಅಂದಿನಿಂದ ಅನ್ಸೆಲ್ಮೊ ಬಿಯರ್ ಬಿಟ್ಟ, ಹಂದಿ ಚರ್ಮದ ಕರಿದ ತಿಂಡಿಯನ್ನೂ ಬಿಟ್ಟ. ತನ್ನ ಸೊಂಟದ ಎಡಭಾಗಕ್ಕೆ ಯಾರಾದರೂ ತಾಗಿದರೆ, "ಹುಷಾರು, ಅದು ಫೆಲಿದು," ಎನ್ನುತ್ತಿದ್ದ.

ಏಪ್ರಿಲಿನ ಒಂದು ಭಾನುವಾರ ಚರ್ಚು ಮುಗಿಸಿ ಫೆಲಿಯ ಚಿಕ್ಕಪ್ಪನ ಮಗಳು ನೆನಿತಾ ಊಟಕ್ಕೆ ಬಂದಿದ್ದಳು. ಹೊಸದಾಗಿ ವಲಸೆ ಬಂದವರಿಗೆ ದಾರಿ ತೋರಿಸುವ ಕೇಂದ್ರವೊಂದರಲ್ಲಿ ಅವಳ ಕೆಲಸ. ಅನ್ಸೆಲ್ಮೊ ಅಡುಗೆಗೆ ಕಡಿಮೆ ಬಿದ್ದ ವಿನಿಗರ್ ತರಲೆಂದು ಪರ್ಸು ತೆಗೆದಾಗ ಕಾರ್ಡು ಜಾರಿ ಮೇಜಿನ ಮೇಲೆ ಬಿತ್ತು. ನೆನಿತಾ ಎತ್ತಿಕೊಂಡು ನೋಡಿದಳು.

"ಏನ್ ಮನೊಂಗ್, ಇದು ಸತ್ತು ವರ್ಷ ಆಗ್ತಾ ಬಂತಲ್ಲ. ತಿಥಿ ಯಾವಾಗ?"

ಮನೊಂಗ್ ಎಂದರೆ ನಮ್ಮ ಇಲೊಕಾನೊ ಮಾತಿನಲ್ಲಿ ಅಣ್ಣ. ನೆನಿತಾ ಹಾಗೆ ಕರೆಯುವುದು ಗೌರವಕ್ಕಲ್ಲ, ಕಿಚಾಯಿಸುವುದಕ್ಕೆ.

"ಕಾರ್ಡು ಸತ್ರೆ ನಾನ್ ಸತ್ನಾ?" ಎಂದ ಅನ್ಸೆಲ್ಮೊ. "ಕಾಯಂ ಅಂದ್ರೆ ಕಾಯಂ. ತೆರಿಗೆ ಕಟ್ತೀನಿ, ಡಿಪೋಗೆ ಹೋಗ್ತೀನಿ. ನೀನೇ ತಾನೆ ಕೇಂದ್ರದಲ್ಲಿ ಎಲ್ಲರಿಗೂ ಹೇಳೋದು, ಕಾರ್ಡು ಮುಗಿದ್ರೂ ಕಾಯಂ ನಿವಾಸಿ ಅನ್ನೋದು ಮುಗಿಯಲ್ಲ ಅಂತ?"

"ಹೇಳ್ತೀನಿ, ಅದು ನಿಜಾನೂ ಹೌದು. ಆದ್ರೆ ಅರ್ಧ ಕೇಳಿಸ್ಕೊಂಡು ಎದ್ದು ಹೋಗೋರಿಗೆ ಇನ್ನರ್ಧ ಯಾರು ಹೇಳ್ತಾರೆ? ನೀನು ದೇಶ ಬಿಟ್ಟು ಹೋದ್ರೆ ವಾಪಸ್ ಬರೋ ವಿಮಾನಕ್ಕೆ ಹತ್ತಿಸಲ್ಲ. ವಿಮಾನ ಒಂದೇ ಅಲ್ಲ, ಟಿಕೆಟ್ ತಗೊಂಡು ಹತ್ತೋ ಬಸ್ಸು, ರೈಲು, ಹಡಗು, ಯಾವುದಕ್ಕೂ ಹತ್ತಿಸಲ್ಲ. ಅವರಿಗೆ ಬೇಕಾಗಿರೋದು ಅವಧಿ ಇರೋ ಕಾರ್ಡು."

"ಡಿಪೋದ ಬೆನ್ನಿ ಹಳೇ ಕಾರ್ಡು ಇಟ್ಕೊಂಡು ಅಮೆರಿಕಾಗೆ ಹೋಗಿ ಟೈರ್ ತಂದ. ಅವನನ್ನ ಒಳಗೆ ಬಿಟ್ರಲ್ಲ."

"ಅವನು ಸ್ವಂತ ಕಾರಲ್ಲಿ ಗಡಿ ದಾಟಿದ. ಗಡಿಯಲ್ಲಿ ಅಧಿಕಾರಿ ಎದುರಿಗೇ ಇರ್ತಾರೆ, ಬೇರೆ ದಾಖಲೆ ನೋಡಿ ಯಾರು ಅಂತ ತಿಳ್ಕೋತಾರೆ. ನೀನೇನು ಫಿಲಿಪೀನ್ಸಿಂದ ಕಾರು ಓಡಿಸ್ಕೊಂಡು ಬರ್ತೀಯಾ, ಸಮುದ್ರದ ಮೇಲೆ?"

ಫೆಲಿ ನಕ್ಕಳು. ಅನ್ಸೆಲ್ಮೊ ಎದ್ದು ಕಿಟಕಿ ಸರಿಪಡಿಸಲು ಹೋದ. ಕಿಟಕಿಗೆ ಏನೂ ಆಗಿರಲಿಲ್ಲ.

"ಫೋಟೋ ತೆಗೆಸು, ಅರ್ಜಿ ಹಾಕು," ಎಂದು ನೆನಿತಾ ಅವನ ಬೆನ್ನಿಗೇ ಹೇಳಿದಳು. "ನಾನ್ ಕೂತು ತುಂಬಿಸಿ ಕೊಡ್ತೀನಿ."

"ಆಪರೇಷನ್ ಆಗ್ಲಿ ಬಿಡು. ಆಮೇಲೆ ಮನೇಲೇ ಬಿದ್ದಿರ್ತೀನಲ್ಲ, ಅದೇ ಕೆಲಸ."

ಮರುವಾರವೇ ಊರಿಂದ ಫೋನು ಬಂತು. ಅನ್ಸೆಲ್ಮೊನನ್ನು ಸಾಕಿ ಬೆಳೆಸಿದ ಅಕ್ಕ ಪುರಿಂಗ್, ಫಿಲಿಪೀನ್ಸಿನ ಬತಾಕ್ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಹೊಟ್ಟೆಯಲ್ಲಿ ಗೆಡ್ಡೆ, ಕೈ ಮೀರಿದೆ ಎಂದು ವೈದ್ಯರು ಹೇಳಿದ್ದರು. ಅವಳು ತಮ್ಮನ ಹೆಸರು ಹಿಡಿದು ಕೇಳುತ್ತಿದ್ದಾಳೆ ಎಂದು ಅವಳ ಮಗ ರೋಡೆಲ್ ಅಳುತ್ತಾ ಹೇಳಿದ.

ಅಂದು ಸಂಜೆಯೇ ಅನ್ಸೆಲ್ಮೊ ಟಿಕೆಟ್ ಹುಡುಕಲು ಶುರು ಮಾಡಿದ. ಮೂತ್ರಪಿಂಡದ ವೈದ್ಯರು, "ಹೋಗಿ ಬನ್ನಿ, ಆದರೆ ಮೇ ತಿಂಗಳ ಕೊನೆಗೆ ಇಲ್ಲಿರಬೇಕು, ಪರೀಕ್ಷೆಗಳನ್ನು ಮತ್ತೆ ಮಾಡಬೇಕು," ಎಂದರು. ನೆನಿತಾ ಓಡಿ ಬಂದಳು.

"ಮನೊಂಗ್, ಮನೆಯವರ ಸಾವು, ದೊಡ್ಡ ಕಾಯಿಲೆ ಅಂದ್ರೆ ತುರ್ತಾಗಿ ಕಾರ್ಡು ಕೊಡಿ ಅಂತ ಕೇಳೋದಕ್ಕೆ ದಾರಿ ಇದೆ. ಆಸ್ಪತ್ರೆ ಕಾಗದ, ಟಿಕೆಟ್ ಎರಡೂ ಲಗತ್ತಿಸಿ ಕೇಳೋಣ. ಕೊಟ್ಟೇ ಕೊಡ್ತಾರೆ ಅನ್ನಲ್ಲ, ಆದ್ರೂ ಕೇಳೋಣ."

"ಅಲ್ಲಿ ಅಕ್ಕ ಉಸಿರು ಎಳೀತಿದ್ದಾಳೆ, ಇಲ್ಲಿ ನಾನು ಫೋಟೋ ತೆಗೆಸ್ತಾ ಕೂರ್ಲಾ?"

"ಕೂರೋದು ಬೇಡ, ನಿಂತ್ಕೊಂಡೇ ತೆಗೆಸು."

"ನೋಡ್ ನೆನಿತಾ, ನನ್ನ ಹತ್ರ ಡ್ರೈವಿಂಗ್ ಲೈಸೆನ್ಸ್ ಇದೆ, ಆರೋಗ್ಯದ ಕಾರ್ಡಿದೆ, ಫೆಲಿ ಈ ದೇಶದ ಪ್ರಜೆ. ಯಾವನು ತಡೀತಾನೆ ನೋಡೇ ಬಿಡ್ತೀನಿ."

ಹೋಗುವಾಗ ಯಾರೂ ತಡೆಯಲಿಲ್ಲ. ವಿನ್ನಿಪೆಗ್‌ನಲ್ಲಿ ಫಿಲಿಪೀನ್ಸಿನ ಪಾಸ್‌ಪೋರ್ಟ್ ನೋಡಿ ಬೋರ್ಡಿಂಗ್ ಚೀಟಿ ಕೊಟ್ಟರು. ವ್ಯಾಂಕೂವರಿನಲ್ಲಿ ವಿಮಾನ ಬದಲಿಸಿದ, ಅಲ್ಲಿಯೂ ಕಾರ್ಡು ಕೇಳಿದವರಿಲ್ಲ. ಅವನು ಫೆಲಿಗೆ ಸಂದೇಶ ಕಳಿಸಿದ: "ನಿನ್ನ ತಂಗಿಗೆ ಹೇಳು, ಯಾರೂ ಕೇಳಲಿಲ್ಲ." ನೆನಿತಾ ಅದಕ್ಕೆ ಉತ್ತರ ಬರೆದಳು: "ಬಾವಿಗೆ ಇಳಿಯೋನಿಗೆ ಹಗ್ಗ ಎಲ್ಲಿ ಅಂತ ಬಾವಿ ಕೇಳಲ್ಲ." ಅದನ್ನು ಓದುವ ಹೊತ್ತಿಗೆ ಅನ್ಸೆಲ್ಮೊ ಬತಾಕಿನ ಬಸ್ಸಿನಲ್ಲಿದ್ದ. ಅವನ ಮನಸ್ಸು ಅಕ್ಕನ ಹತ್ತಿರ ಇತ್ತು.

ಅಕ್ಕ ಸಿಕ್ಕಳು. ತಮ್ಮನ ಮುಖ ಸವರಿ, "ತೆಳ್ಳಗಾಗಿದ್ದೀಯ," ಎಂದಳು. ಅವನು ಬೆಳ್ಳುಳ್ಳಿ ಹಾಕಿದ ಗಂಜಿ ಮಾಡಿ ಚಮಚದಲ್ಲಿ ತಿನ್ನಿಸಿದ. ಅವಳು ಕೆಲವು ದಿನ ಬದುಕಿದ್ದು, ಒಂದು ಬೆಳಿಗ್ಗೆ ಅವನ ಕೈಯಲ್ಲಿ ಕೈ ಇಟ್ಟುಕೊಂಡೇ ಹೋದಳು. ಹೂಳುವುದು, ಮನೆಯವರೆಲ್ಲ ಸೇರಿ ಪ್ರಾರ್ಥನೆ, ಬಂದವರಿಗೆ ಕಾಫಿ ಬಿಸ್ಕತ್ತು, ಎಲ್ಲ ಮುಗಿಸಿ ರೋಡೆಲ್‌ನ ಜೊತೆ ಅವನು ಮನಿಲಾಕ್ಕೆ ಬಂದ. ರೋಡೆಲ್ ಅಲ್ಲೇ ಮರಿಕಿನಾದಲ್ಲಿ ಚಪ್ಪಲಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ.

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ತಿರುವಿದಳು. "ಸರ್, ಕೆನಡಾ ವೀಸಾ?"

"ನಾನ್ ಅಲ್ಲಿ ಕಾಯಂ ನಿವಾಸಿ."

"ಕಾರ್ಡು ಕೊಡಿ."

ಕೊಟ್ಟ. ಅವಳು ನೋಡಿದಳು, ಹಿಂದೆ ಮುಂದೆ ತಿರುಗಿಸಿದಳು, ಪಕ್ಕದವರನ್ನು ಕರೆದು ತೋರಿಸಿದಳು. ಅನ್ಸೆಲ್ಮೊನ ಕಾಲು ಅಲ್ಲಾಡಲು ಶುರುವಾಯಿತು. ಅವನು ಲೈಸೆನ್ಸ್ ಇಟ್ಟ, ಆರೋಗ್ಯದ ಕಾರ್ಡು ಇಟ್ಟ, ಡಿಪೋದ ಗುರುತಿನ ಚೀಟಿ ಇಟ್ಟ. ಕೊನೆಗೆ ಫೆಲಿಯ ಆಪರೇಷನ್ ಬಗ್ಗೆ ಆಸ್ಪತ್ರೆ ಕೊಟ್ಟಿದ್ದ ಕಾಗದವನ್ನೂ ಬಿಡಿಸಿ ಇಟ್ಟ.

"ಸರ್, ನೀವು ಅಲ್ಲಿ ಇಲ್ಲ ಅಂತ ನಾನ್ ಹೇಳ್ತಿಲ್ಲ," ಎಂದಳು ಹುಡುಗಿ, ದನಿ ತಗ್ಗಿಸಿ. "ನಿಮ್ಮ ಹೆಂಡತಿಗೆ ಹುಷಾರಿಲ್ಲ ಅನ್ನೋದನ್ನೂ ನಂಬ್ತೀನಿ. ಆದ್ರೆ ಅವಧಿ ಇರೋ ಕಾರ್ಡು ಇರ್ಬೇಕು, ಇಲ್ಲಾಂದ್ರೆ ಕಾಯಂ ನಿವಾಸಿಗಳ ಪ್ರಯಾಣ ಪತ್ರ ಇರ್ಬೇಕು. ಎರಡೂ ಇಲ್ದೆ ಹತ್ತಿಸೋ ಹಾಗಿಲ್ಲ."

"ಅಲ್ಲಮ್ಮ, ನನ್ನ ಮೈಯಲ್ಲಿರೋ ಒಂದು ಅಂಗ ಅಲ್ಲಿಗೆ ತಲುಪ್ಬೇಕು. ಅದಕ್ಕೂ ಕಾರ್ಡು ಬೇಕಾ?"

ಅವಳು ಕಾಗದಗಳನ್ನೆಲ್ಲ ಜೋಡಿಸಿ ಅವನಿಗೆ ವಾಪಸು ಕೊಟ್ಟಳು. ಹಿಂದಿನ ಸಾಲು ಮುಂದೆ ತಳ್ಳುತ್ತಿತ್ತು. ಅನ್ಸೆಲ್ಮೊ ಚೀಲ ಎಳೆದುಕೊಂಡು ಪಕ್ಕಕ್ಕೆ ಸರಿದ. ಆ ದೊಡ್ಡ ಹಜಾರದಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಆ ತುದಿಯಿಂದ ಈ ತುದಿಗೆ ಓಡಾಡಿದ. ಇನ್ನೊಂದು ಕೌಂಟರಿಗೆ ಹೋಗಿ ಕೇಳಿದ, ಅಲ್ಲಿಯೂ ಅದೇ ಉತ್ತರ. ಒಬ್ಬ ದಲ್ಲಾಳಿ ಪಕ್ಕಕ್ಕೆ ಬಂದು, "ಅಣ್ಣಾ, ಪ್ರವಾಸಿ ಅಂತ ತೋರಿಸಿ ವೀಸಾ ಮಾಡಿಸ್ತೀನಿ, ಯಾರಿಗೂ ಗೊತ್ತಾಗಲ್ಲ," ಎಂದು ಪಿಸುಗುಟ್ಟಿದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಹಗ್ಗವೇ. ಅನ್ಸೆಲ್ಮೊ ಅವನ ಹಿಂದೆ ನಾಲ್ಕು ಹೆಜ್ಜೆ ಹೋಗಿಯೂಬಿಟ್ಟ. ಅಷ್ಟರಲ್ಲಿ ರೋಡೆಲ್ ನೆನಿತಾಗೆ ಫೋನು ಹಚ್ಚಿ, ನಡೆದದ್ದನ್ನು ಹೇಳಿ, ಮಾವನ ಕಿವಿಗೆ ಹಿಡಿದ.

"ಮನೊಂಗ್, ಆ ಮನುಷ್ಯನ ಹತ್ರ ಮಾತಾಡ್ಬೇಡ," ಎಂದಳು ನೆನಿತಾ. ಈ ಸಲ ಕಿಚಾಯಿಸಲಿಲ್ಲ. "ನೀನು ಪ್ರವಾಸಿ ಅಲ್ಲ. ಸುಳ್ಳು ಹೇಳಿ ಅರ್ಜಿ ಹಾಕಿದ್ರೆ ಇರೋದನ್ನೂ ಕಳ್ಕೋತೀಯ. ದಾರಿ ಇರೋದು ಒಂದೇ, ಪ್ರಯಾಣ ಪತ್ರ. ಹೊರಗೆ ಸಿಕ್ಕಿಹಾಕ್ಕೊಂಡಿರೋ ಕಾಯಂ ನಿವಾಸಿಗಳಿಗೇ ಅಂತ ಇರೋದು ಅದು. ಕಾರ್ಡು ಹೊಸದು ಮಾಡಿಸೋ ಅರ್ಜಿನ ಅಲ್ಲಿಂದ ಹಾಕೋಕಾಗಲ್ಲ, ಅದಕ್ಕೆ ನೀನು ಇಲ್ಲೇ ಇರ್ಬೇಕು. ಅದಕ್ಕೇ ಮೊದಲು ಪ್ರಯಾಣ ಪತ್ರ ತಗೊಂಡು ಮನೆಗೆ ಬಾ."

"ಎಷ್ಟು ದಿನ ಆಗುತ್ತೆ?"

"ಅದನ್ನ ನಾನ್ ಹೇಳಕ್ಕಾಗಲ್ಲ. ತುರ್ತು ಅಂತ ಬರಿ, ಆಸ್ಪತ್ರೆ ಕಾಗದ ಲಗತ್ತಿಸು. ಐದು ವರ್ಷದಲ್ಲಿ ಕನಿಷ್ಠ ಎರಡು ವರ್ಷ ಇಲ್ಲಿ ಇದ್ದೆ ಅಂತ ತೋರಿಸ್ಬೇಕು. ಸಂಬಳದ ಚೀಟಿ, ತೆರಿಗೆ ಕಾಗದ ನಾನು ಫೆಲಿ ಸೇರಿ ಕಳಿಸ್ತೀವಿ. ಒಂದೊಂದೂ ನೋಡಿ ಹಾಕು. ಆತುರ ಪಡಬೇಡ."

ಆತುರ ಪಡಬೇಡ ಎಂದು ಅನ್ಸೆಲ್ಮೊಗೆ ಹೇಳುವುದು ಹೊಳೆಗೆ ಹರಿಯಬೇಡ ಎಂದ ಹಾಗೆ. ಅಂದೇ ಅರ್ಜಿ ಹಾಕಬೇಕು ಎಂದು ಹಠ ಹಿಡಿದ. ಮರಿಕಿನಾದ ಸಂದಿಯ ಅಂಗಡಿಯಲ್ಲಿ ಸಿಕ್ಕ ಅಳತೆಗೆ ಫೋಟೋ ತೆಗೆಸಿದ. ಪಾಸ್‌ಪೋರ್ಟಿನ ಎಲ್ಲ ಪುಟದ ಪ್ರತಿ ಬೇಕು ಎಂದಿದ್ದರೆ ಮುಖವಿರುವ ಪುಟ ಒಂದನ್ನೇ ಹಾಕಿದ. "ಖಾಲಿ ಪುಟ ನೋಡಿ ಅವರೇನ್ ಮಾಡ್ತಾರೆ?" ಎಂದು ರೋಡೆಲ್‌ಗೇ ಗದರಿದ. ಆಮೇಲೆ ಕಾದ. ಬೆಳಿಗ್ಗೆ ಎದ್ದರೆ ಫೋನು, ಊಟದ ಮಧ್ಯೆ ಫೋನು. ಅರ್ಜಿ ಅಪೂರ್ಣ ಎಂದು ವಾಪಸು ಬಂತು. ಫೋಟೋದ ಅಳತೆ ತಪ್ಪಿತ್ತು, ಪುಟಗಳು ಇರಲಿಲ್ಲ.

ಅಷ್ಟರಲ್ಲಿ ಮೇ ತಿಂಗಳು ಮುಗಿದಿತ್ತು. ಪರೀಕ್ಷೆಗೆ ಬರಬೇಕಾದವನು ಬರಲಿಲ್ಲ. ಆಸ್ಪತ್ರೆಯವರು ಜೂನಿನ ಆ ದಿನವನ್ನು ಬೇರೆ ರೋಗಿಗೆ ಕೊಟ್ಟರು. ಅದರಲ್ಲಿ ಅವರ ತಪ್ಪೇನಿಲ್ಲ. ಕೊಡುವವನೇ ಇಲ್ಲದ ಮೇಲೆ ಮಂಚ ಖಾಲಿ ಇಟ್ಟುಕೊಂಡು ಯಾರು ಕೂರುತ್ತಾರೆ?

ಫೆಲಿ ಅದನ್ನು ಹೇಳಲು ಫೋನು ಮಾಡಿದಾಗ ಅನ್ಸೆಲ್ಮೊ ರೋಡೆಲ್‌ನ ಕೋಣೆಯಲ್ಲಿ ಫ್ಯಾನು ಬಿಚ್ಚಿಕೊಂಡು ಕೂತಿದ್ದ.

"ಊಟ ಆಯ್ತಾ?" ಎಂದಳು.

"ಆಯ್ತು. ನಿಂದು? ಇವತ್ತು ಯಂತ್ರದ ದಿನ ಅಲ್ವಾ, ಹೇಗಿತ್ತು?"

"ರಕ್ತದೊತ್ತಡ ಬಿದ್ದೋಯ್ತು. ನರ್ಸು ಕಾಲು ಎತ್ತಿ ಹಿಡಿದ್ಲು. ಈಗ ಪರವಾಗಿಲ್ಲ." ಆಮೇಲೆ ಆಪರೇಷನ್ ದಿನ ಹೋದ ಸುದ್ದಿ ಹೇಳಿದಳು.

ಅನ್ಸೆಲ್ಮೊಗೆ ಎಲ್ಲಿಲ್ಲದ ಸಿಟ್ಟು ಬಂತು. "ಈ ನಿಯಮ ಮಾಡಿದೋರಿಗೆ ಮನುಷ್ಯತ್ವ ಇದೆಯಾ? ಒಂದು ಪ್ಲಾಸ್ಟಿಕ್ ತುಂಡಿಗೆ..."

"ನಿಯಮದ ಮಾತು ಬಿಡು," ಎಂದು ಫೆಲಿ ತಡೆದಳು. ಅವಳ ದನಿ ಏರಲಿಲ್ಲ. "ನಿಯಮ ಏನು ಅಂತ ನೆನಿತಾ ನಮ್ಮ ಮನೆ ಮೇಜಿನ ಮುಂದೆ ಕೂತು ಹೇಳಿದ್ಲು. ನಾನೂ ಕೇಳಿಸ್ಕೊಂಡೆ. ನೀನು ಮಾಡ್ತೀಯ ಅಂತ ಸುಮ್ನಿದ್ದೆ. ಮನೆ ನಲ್ಲಿ ನೋಡ್ತೀಯ, ಕಿಟಕಿ ನೋಡ್ತೀಯ, ಬಸ್ಸಿನ ಒಂದು ಬೋಲ್ಟು ಸಡಿಲ ಆದ್ರೆ ನಿದ್ದೆ ಮಾಡಲ್ಲ. ಇದನ್ನೂ ನೋಡ್ತೀಯ ಅಂತ ಅಂದ್ಕೊಂಡಿದ್ದೆ ಅಷ್ಟೆ."

ಅನ್ಸೆಲ್ಮೊ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವನ ಕಾಲು ಅಲ್ಲಾಡುವುದು ನಿಂತಿತ್ತು. ಅವನು ಹಾಗೆ ಅಲುಗದೆ ಕೂತಿದ್ದು ನೋಡಿ ರೋಡೆಲ್ ಹೆದರಿ, "ಮಾವ, ನೀರು ಕೊಡ್ಲಾ?" ಎಂದು ಕೇಳಿದ.

ಮಾರನೆಯ ದಿನ ಅನ್ಸೆಲ್ಮೊ ಬೇರೆಯೇ ಮನುಷ್ಯನಾಗಿದ್ದ. ಎಂಜಿನ್ ಬಿಚ್ಚಿ ಜೋಡಿಸುವವನ ಶ್ರದ್ಧೆಯಲ್ಲಿ ಕಾಗದಗಳನ್ನು ನೆಲದ ಮೇಲೆ ಹರಡಿದ. ಸೂಚನೆಯನ್ನು ರೋಡೆಲ್ ಗಟ್ಟಿಯಾಗಿ ಓದಿದ, ಇವನು ಒಂದೊಂದೇ ಎತ್ತಿ ಬದಿಗಿಟ್ಟ. ಸರಿಯಾದ ಅಳತೆಯ ಫೋಟೋ, ಖಾಲಿ ಪುಟವೂ ಸೇರಿ ಪಾಸ್‌ಪೋರ್ಟಿನ ಪೂರ್ತಿ ಪ್ರತಿ, ಡಿಪೋದವರು ಬರೆದ ಕಾಗದ, ತೆರಿಗೆಯ ಕಾಗದ, ಫೆಲಿಯ ವೈದ್ಯರ ಹೊಸ ಪತ್ರ. ಕಳಿಸುವ ಮುಂಚೆ ನೆನಿತಾಗೆ ಎಲ್ಲವನ್ನೂ ತೋರಿಸಿದ.

"ಈಗ ಸರಿ ಇದೆ ಮನೊಂಗ್," ಎಂದಳು. "ಇಷ್ಟನ್ನ ನೀನು ಏಪ್ರಿಲಲ್ಲಿ ಮಾಡಿದ್ರೆ ನನಗೆ ಬೈಯೋದಕ್ಕೆ ಏನೂ ಉಳೀತಿರಲಿಲ್ಲ."

ಮತ್ತೆ ಕಾಯುವ ಕೆಲಸ. ಮನಿಲಾದಲ್ಲಿ ಮಳೆಗಾಲ ಶುರುವಾಗಿತ್ತು. ಫೆಲಿಗೆ ಆಪರೇಷನ್ ಆಗಬೇಕಾಗಿದ್ದ ದಿನ ಬಂತು, ಹೋಯಿತು. ಆ ದಿನ ಅವನು ಚರ್ಚಿಗೆ ಹೋಗಿ ಕೂತ, ಕೂರಲಾಗದೆ ಎದ್ದ, ಹೊರಗೆ ಛತ್ರಿಯಿಲ್ಲದೆ ನಡೆದ. ಅದರ ಮರುವಾರ ಫೆಲಿಗೆ ಸೋಂಕು ತಗುಲಿ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು. ನೆನಿತಾ ರಜೆ ಹಾಕಿ ಪಕ್ಕದಲ್ಲಿ ಇದ್ದಳು. ಫೋನಿನಲ್ಲಿ ಫೆಲಿಯ ಮುಖ ನೋಡುತ್ತಾ ಅನ್ಸೆಲ್ಮೊ ಕೇಳುತ್ತಿದ್ದುದು ಒಂದೇ: "ಜ್ವರ ಇಳೀತಾ?" ಅವಳ ಹಣೆ ಮುಟ್ಟಿ ನೋಡಲು ಅವನಿಗೆ ಸಮುದ್ರ ಅಡ್ಡವಾಗಿತ್ತು.

ಕೊನೆಗೂ ಪ್ರಯಾಣ ಪತ್ರ ಮಂಜೂರಾಯಿತು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಒಂದು ಚೀಟಿ, ಅಷ್ಟೇ. ಅವನದು ಒಂದು ಸಲ ಒಳಗೆ ಬರುವುದಕ್ಕೆ ಮಾತ್ರ. ಅವನು ಹತ್ತಿದ ವಿಮಾನದ ಕೌಂಟರಿನಲ್ಲಿ ಬೇರೆ ಹುಡುಗ ಇದ್ದ. ಚೀಟಿ ನೋಡಿದ, ತಲೆಯಾಡಿಸಿದ, ಬೋರ್ಡಿಂಗ್ ಚೀಟಿ ಕೊಟ್ಟ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ವಿನ್ನಿಪೆಗ್‌ನಲ್ಲಿ ಇಳಿದವನು ನೇರ ಆಸ್ಪತ್ರೆಗೆ ಹೋದ. ಫೆಲಿಯ ಜ್ವರ ಇಳಿದಿತ್ತು, ಆದರೆ ಅವಳು ಸೊರಗಿದ್ದಳು. ಅವನು ಮಂಚದ ಪಕ್ಕ ನಿಂತು ಅವಳ ಹಣೆ ಮುಟ್ಟಿ ನೋಡಿದ.

"ಕೂತ್ಕೋ," ಎಂದಳು ಫೆಲಿ. ಅವನು ಕೂತ.

ಮರುದಿನ ಅವನೇ ನೆನಿತಾಳ ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಂತ. ಕಾರ್ಡು ಹೊಸದು ಮಾಡಿಸುವ ಅರ್ಜಿ ಅಂದೇ ಹೋಯಿತು. "ಪೌರತ್ವದ ಅರ್ಜಿಗೂ ನನ್ನ ಹೆಸರು ಬರ್ಕೋ, ಪರೀಕ್ಷೆಗೆ ಓದ್ತೀನಿ," ಎಂದ. "ನೀನು, ಓದ್ತೀಯಾ?" ಎಂದಳು ನೆನಿತಾ. "ಫೆಲಿ ಓದಿಸ್ತಾಳೆ ಬಿಡು," ಎಂದ.

ಫೆಲಿ ಚೇತರಿಸಿಕೊಳ್ಳಲು, ಅನ್ಸೆಲ್ಮೊನ ಪರೀಕ್ಷೆಗಳೆಲ್ಲ ಮತ್ತೆ ಆಗಲು ಬೇಸಿಗೆಯೇ ಕಳೆಯಿತು. ಎಲೆ ಹಳದಿಯಾಗುವ ಹೊತ್ತಿಗೆ ಇನ್ನೊಂದು ದಿನ ಸಿಕ್ಕಿತು, ಆಪರೇಷನ್ ಆಯಿತು. ಎರಡು ವರ್ಷದಿಂದ ಒಣಗಿದ್ದ ಫೆಲಿಯ ದೇಹದಿಂದ ಮೂತ್ರ ಬರಲು ಶುರುವಾದಾಗ ಅವಳು ನಾಚಿಕೆ ಬಿಟ್ಟು ಇಡೀ ವಾರ್ಡಿಗೆ ಹೇಳಿದಳು. ಪಕ್ಕದ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದ ಅನ್ಸೆಲ್ಮೊಗೆ ನರ್ಸು ಸುದ್ದಿ ತಂದಳು. ಅವನು ನಗಲು ಹೋದ, ಹೊಲಿಗೆ ನೋಯಿತು, ಅತ್ತ.

ಇವರ ಕತೆ ಹೀಗೆ ದಡ ಸೇರಿತು. ಎಲ್ಲರದ್ದೂ ಸೇರುತ್ತದೆ ಎಂದು ಹೇಳಲು ನನಗೆ ಧೈರ್ಯವಿಲ್ಲ. ಕಾದ ಆ ತಿಂಗಳುಗಳಲ್ಲಿ ಫೆಲಿಯ ಜ್ವರ ಇಳಿಯದೇ ಹೋಗಿದ್ದರೆ ಯಾವ ಪ್ರಯಾಣ ಪತ್ರವೂ ಅವಳನ್ನು ವಾಪಸು ತರುತ್ತಿರಲಿಲ್ಲ.

ಆದ್ದರಿಂದ ಅಣ್ಣಂದಿರೇ, ಅಕ್ಕಂದಿರೇ, ಈ ಕಾಗದ ಓದಿ ಮುಗಿಸಿ ಮಡಚಿಡುವ ಮುಂಚೆ ಒಮ್ಮೆ ಎದ್ದು ನಿಮ್ಮ ಕಾರ್ಡು ತೆಗೆದು ದಿನಾಂಕ ನೋಡಿ. ನಿಮ್ಮದಷ್ಟೇ ಅಲ್ಲ, ಮಕ್ಕಳದ್ದೂ ನೋಡಿ. ಪ್ರಜೆಗಳಾಗದ ಮಕ್ಕಳಿಗೂ ಅವರದೇ ಕಾರ್ಡು ಬೇಕು. ಅವಧಿ ಮುಗಿಯಲು ಒಂಬತ್ತು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಇಲ್ಲಿರುವಾಗಲೇ ಅರ್ಜಿ ಹಾಕಿ. ಸಾವು ನೋವು ಬಂದು ತಕ್ಷಣ ಹೊರಡಬೇಕಾದರೆ ತುರ್ತು ಎಂದು ಕೇಳಿ, ಕೇಳಲು ಸಂಕೋಚ ಬೇಡ. ಹೊರಗೆ ಸಿಕ್ಕಿಹಾಕಿಕೊಂಡರೆ ದಲ್ಲಾಳಿಯ ಹಿಂದೆ ಹೋಗದೆ ಪ್ರಯಾಣ ಪತ್ರಕ್ಕೆ ಅರ್ಜಿ ಹಾಕಿ, ಕೇಳಿದ್ದನ್ನು ಕೇಳಿದ ಹಾಗೆಯೇ ಕೊಡಿ. ನಿಯಮ ಆಗಾಗ ಬದಲಾಗುತ್ತದೆ. ಪಕ್ಕದ ಮನೆಯವರು ಹೇಳಿದ್ದನ್ನೋ ಈ ಕತೆಯನ್ನೋ ನೆಚ್ಚಿಕೊಂಡು ಟಿಕೆಟ್ ಕೊಳ್ಳಬೇಡಿ. ಸರ್ಕಾರದ ವಲಸೆ ಇಲಾಖೆಯಲ್ಲೇ ವಿಚಾರಿಸಿ.

ಊರು ಕರೆಯುವಾಗ ದಿನ ನೋಡಿ ಕರೆಯುವುದಿಲ್ಲ. ಹೊರಟು ನಿಂತಾಗ ಮನೆಯಲ್ಲಿ ನಿಮಗಾಗಿ ಕಾಯುವವರು ಯಾರು ಎಂದು ಒಮ್ಮೆ ಯೋಚಿಸಿ. ಅವರ ಹತ್ತಿರ ವಾಪಸು ಬರುವ ದಾರಿಯನ್ನು ಇವತ್ತೇ ಸರಿಮಾಡಿಕೊಳ್ಳಿ.